ನಲವತ್ತು ವರ್ಷಗಳ ಕ್ಯಾಮೆರಾ ಕಪಾಟು: ಯಾವುದು ಉಳಿಯಲಿ, ಯಾವುದು ಹೋಗಲಿ?

ಪ್ರಶ್ನೆ: ಬ್ಯಾಂಕ್ ನೌಕರಿಯಿಂದ ನಿವೃತ್ತನಾಗಿ ಉಡುಪಿಯಲ್ಲಿದ್ದೇನೆ. ಫೋಟೊ ತೆಗೆಯುವುದು ನನ್ನ ಹವ್ಯಾಸವೇ ಹೊರತು ವೃತ್ತಿಯಲ್ಲ. ತಂದೆಯವರ ಆಗ್ಫಾ ಕ್ಲಿಕ್-3ರಲ್ಲಿ ಕಲಿತೆ. 1984ರಲ್ಲಿ ಪೆಂಟಾಕ್ಸ್ ಕೆ1000, ಆಮೇಲೆ ನಿಕಾನ್ ಎಫ್‌ಎಂ2, 2005ರಲ್ಲಿ ಡಿ70, 2009ರಲ್ಲಿ ಡಿ90, 2015ರಲ್ಲಿ ಡಿ750 ಕೊಂಡೆ. ಯಾವುದನ್ನೂ ಮಾರಲಿಲ್ಲ. ಲೆನ್ಸುಗಳಲ್ಲಿ ಎಫ್‌ಎಂ2ರ 50 ಮತ್ತು 105 ಮಿ.ಮೀ., ಎಎಫ್-ಡಿ ಮಾದರಿಯ 60 ಮಿ.ಮೀ. ಮೈಕ್ರೊ ಮತ್ತು 80-200 ಎಫ್ 2.8, ಎಎಫ್-ಎಸ್ ಮಾದರಿಯ 18-70, 24-120, 70-300 ಇವೆ. ಹೆಚ್ಚಾಗಿ ಯಕ್ಷಗಾನ, ಕಂಬಳ, ಪರ್ಯಾಯದ ಚಿತ್ರ ತೆಗೆಯುತ್ತೇನೆ. ಈ ಮಳೆಗಾಲದಲ್ಲಿ 105 ಮತ್ತು 80-200 ಲೆನ್ಸುಗಳ ಒಳಗೆ ಬಿಳಿ ಎಳೆಗಳು ಕಾಣಿಸಿಕೊಂಡಿವೆ. ಎಲ್ಲವನ್ನೂ ಮಾರಿ ಒಂದು ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ ಹೊಸ ಬಗೆಯ ಕ್ಯಾಮೆರಾ) ಕೊಳ್ಳಿ ಎಂದು ಮಗಳು ಹೇಳುತ್ತಾಳೆ. ಹಳೆಯ ಲೆನ್ಸು ಮತ್ತೆ ಸಿಗುವುದಿಲ್ಲ, ಒಂದನ್ನೂ ಕೊಡಬೇಡಿ ಎಂದು ಸ್ನೇಹಿತರು ಹೇಳುತ್ತಾರೆ. ನಾನೇನು ಮಾಡಲಿ?

ಉತ್ತರ: ಹೊಸ ಕ್ಯಾಮೆರಾದ ವಿಚಾರ ಸ್ವಲ್ಪ ತಡೆಯಲಿ. ನಿಮ್ಮ ಪತ್ರದಲ್ಲಿ ತುರ್ತಾದ ಸಂಗತಿ ಆ ಬಿಳಿ ಎಳೆಗಳು. ಅವು ಫಂಗಸ್, ಅಂದರೆ ಬೂಷ್ಟು. ಮಾರುವುದಾದರೂ ಉಳಿಸಿಕೊಳ್ಳುವುದಾದರೂ ಮೊದಲು ಅದನ್ನು ನಿಲ್ಲಿಸಬೇಕು.

ಕರಾವಳಿಯ ಹವ್ಯಾಸಿಗಳ ಲೆನ್ಸುಗಳಿಗೆ ಬೂಷ್ಟು ಹಿಡಿಯುವುದಕ್ಕೆ ಮಳೆಯೊಂದೇ ಕಾರಣವಲ್ಲ, ನಮ್ಮ ಋತುಚಕ್ರವೂ ಕಾರಣ. ಮೇ ಕೊನೆಯಲ್ಲಿ ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ವರ್ಷದ ತಿರುಗಾಟ ಮುಗಿಸುತ್ತವೆ. ಅಷ್ಟರೊಳಗೆ ಕಂಬಳವೂ ಮುಗಿದಿರುತ್ತದೆ. ಅಂದು ಕಪಾಟು ಸೇರಿದ ದೊಡ್ಡ ಲೆನ್ಸು ಮತ್ತೆ ಹೊರಬರುವುದು ದೀಪಾವಳಿಯ ಹೊತ್ತಿಗೆ. ವರ್ಷದ ಸುಮಾರು 4,000 ಮಿ.ಮೀ. ಮಳೆಯಲ್ಲಿ ಬಹುಪಾಲು ಬೀಳುವುದು ಸರಿಯಾಗಿ ಆ ನಡುವಿನ ತಿಂಗಳುಗಳಲ್ಲಿ. ಗಾಳಿಯ ತೇವಾಂಶ ಶೇ. 60-65 ದಾಟಿ ಹಾಗೆಯೇ ನಿಂತರೆ ಗಾಜಿನ ಮೇಲಿನ ದೂಳು ಮತ್ತು ಬೆರಳಿನ ಎಣ್ಣೆಯನ್ನೇ ಆಹಾರ ಮಾಡಿಕೊಂಡು ಫಂಗಸ್ ಬೆಳೆಯುತ್ತದೆ. ಜುಲೈಯಲ್ಲಿ ನಮ್ಮಲ್ಲಿ ತೇವಾಂಶ ಶೇ. 85ಕ್ಕಿಂತ ಕೆಳಗೆ ಇಳಿಯುವ ದಿನಗಳೇ ಕಡಿಮೆ. ಅಂಥ ಕಾಲದಲ್ಲಿ ಕತ್ತಲ ಕಪಾಟಿನೊಳಗೆ, ಚರ್ಮದ ಪೌಚಿನಲ್ಲಿ, ತಿಂಗಳುಗಟ್ಟಲೆ ಅಲುಗದೆ ಕುಳಿತ ಲೆನ್ಸಿಗೆ ಬೂಷ್ಟು ಹಿಡಿಯದಿದ್ದರೆ ಆಶ್ಚರ್ಯಪಡಬೇಕು. ಚರ್ಮ ತಾನೇ ತೇವವನ್ನು ಹೀರಿಕೊಂಡಿರುತ್ತದೆ. ಮಳೆ ಸುರಿಯುವ ಆಟಿ ತಿಂಗಳಲ್ಲಿ ಮೂಲೆಗಿಟ್ಟ ಚರ್ಮದ ಚಪ್ಪಲಿಗೆ ಆಗುವುದೇ ಅದರೊಳಗಿನ ಲೆನ್ಸಿಗೂ ಆಗುತ್ತದೆ. ಸ್ಪಂಜಿನ ಒಳಪದರವಿರುವ ಕ್ಯಾಮೆರಾ ಬ್ಯಾಗೂ ಇದೇ ಜಾತಿಯದು. ಬ್ಯಾಗು ಇರುವುದು ಒಯ್ಯಲಿಕ್ಕೆ, ಇಡಲಿಕ್ಕಲ್ಲ.

ಈಗ ಮಾಡಬೇಕಾದದ್ದು ಇದು. ಎಲ್ಲ ಲೆನ್ಸುಗಳನ್ನೂ ಪೌಚುಗಳಿಂದ ಹೊರತೆಗೆಯಿರಿ. ಅಪರ್ಚರನ್ನು (ಬೆಳಕು ಒಳಬರುವ ಕಿಂಡಿಯನ್ನು) ಪೂರ್ತಿ ತೆರೆದು, ಕತ್ತಲ ಕೋಣೆಯಲ್ಲಿ ಹಿಂಬದಿಯಿಂದ ಟಾರ್ಚ್ ಬಿಟ್ಟು ಮುಂಬದಿಯಿಂದ ಓರೆಯಾಗಿ ನೋಡಿ. ಜೇಡರ ಬಲೆಯಂಥ ಕವಲೊಡೆದ ಎಳೆಗಳಿದ್ದರೆ ಫಂಗಸ್. ಬಿಡಿ ಚುಕ್ಕೆಗಳಾದರೆ ದೂಳು, ಅದಕ್ಕೆ ಹೆದರಬೇಕಿಲ್ಲ. ಎಳೆ ಕಂಡವುಗಳನ್ನು ಉಳಿದವುಗಳಿಂದ ಬೇರೆ ಇಡಿ. ಫಂಗಸ್ಸಿನ ಬೀಜಾಣುಗಳು ಗಾಳಿಯಲ್ಲಿ ಎಲ್ಲೆಡೆ ಇರುವುದರಿಂದ ಒಂದರಿಂದ ಇನ್ನೊಂದಕ್ಕೆ ಹರಡುತ್ತದೆ ಎಂಬ ಭಯ ಸ್ವಲ್ಪ ಅತಿಯಾಯಿತು. ಆದರೂ ಬೇರೆ ಇಟ್ಟರೆ ಯಾವುದನ್ನು ದುರಸ್ತಿಗೆ ಕೊಡಬೇಕು ಎಂಬ ಗೊಂದಲವಾದರೂ ಇರುವುದಿಲ್ಲ.

105 ಮಿ.ಮೀ. ಲೆನ್ಸಿನ ವಿಷಯದಲ್ಲಿ ನಿಶ್ಚಿಂತರಾಗಿರಿ. ಅದು ಸರಳ ಜೋಡಣೆಯ, ಕೈಯಿಂದ ಫೋಕಸ್ ಮಾಡುವ ಲೆನ್ಸು; ನುರಿತ ದುರಸ್ತಿಗಾರರು ಅದನ್ನು ಬಿಚ್ಚಿ ಗಾಜುಗಳನ್ನು ಒರೆಸಿ ಮತ್ತೆ ಕೂರಿಸಬಲ್ಲರು. 80-200ರಲ್ಲಿ ಗಾಜುಗಳು ಹೆಚ್ಚು, ಕೆಲಸವೂ ಹೆಚ್ಚು. ಎಳೆಗಳು ಮುಂದಿನ ಅಥವಾ ಹಿಂದಿನ ತುದಿಯ ಗಾಜಿನಲ್ಲಿದ್ದರೆ ಸುಲಭ. ಅಂಟಿಸಿದ ಎರಡು ಗಾಜುಗಳ ನಡುವೆ ಹೊಕ್ಕಿದ್ದರೆ ಕಷ್ಟ. ಬಹಳ ಕಾಲ ಬಿಟ್ಟಿದ್ದರೆ ಫಂಗಸ್ ಹೊರಸೂಸುವ ಆಮ್ಲ ಗಾಜಿನ ಲೇಪನವನ್ನೇ ಕೊರೆದಿರುತ್ತದೆ. ಆಗ ಒರೆಸಿದರೂ ಗುರುತು ಉಳಿಯುತ್ತದೆ. ಹಾಗೆ ಉಳಿದರೂ ಲೆನ್ಸು ಕೆಲಸಕ್ಕೆ ಬಾರದಂತಾಗುವುದಿಲ್ಲ. ಮುಂದಿನ ಗಾಜಿನ ನಾಲ್ಕಾರು ಎಳೆಗಳು ಸಾಮಾನ್ಯ ಬೆಳಕಿನ ಚಿತ್ರದಲ್ಲಿ ಕಾಣಿಸುವುದೇ ಇಲ್ಲ. ಎದುರಿನಿಂದ ದೀಪ ಬಿದ್ದಾಗ ಚಿತ್ರ ಮಂಕಾಗುತ್ತದೆ, ಅಷ್ಟೇ. ಆದರೆ ರಂಗಸ್ಥಳದ ಚಿತ್ರಗಳಲ್ಲಿ ದೀಪ ಎದುರಿಗೇ ಇರುವುದರಿಂದ ನಿಮಗೆ ಈ ಕೆಲಸ ಮುಂದೂಡುವಂಥದ್ದಲ್ಲ. ದಯವಿಟ್ಟು ಮನೆಯಲ್ಲೇ ಬಿಚ್ಚಬೇಡಿ. ಬಿಸಿಲಿಗಿಟ್ಟರೆ ಹೋಗುತ್ತದೆ ಎಂಬ ಮಾತನ್ನೂ ನಂಬಬೇಡಿ. ಬಿಸಿಲು ಬೆಳವಣಿಗೆಯನ್ನು ತಡೆಯಬಹುದು, ಆದರೆ ಆಗಲೇ ಬೆಳೆದ ಎಳೆ ಗಾಜಿನಿಂದ ಬಿಡುವುದಿಲ್ಲ. ಒಳಗಿನ ಗ್ರೀಸು ಮಾತ್ರ ಕರಗಿ ಅಪರ್ಚರಿನ ಎಸಳುಗಳ ಮೇಲೆ ಹರಿಯುತ್ತದೆ.

ಮುಂದೆ ಇಡುವ ಜಾಗ. ನಿಮ್ಮಷ್ಟು ಸಂಗ್ರಹವಿರುವವರಿಗೆ ವಿದ್ಯುತ್ತಿನಿಂದ ನಡೆಯುವ ಡ್ರೈ ಕ್ಯಾಬಿನೆಟ್ ಬೇಕೇಬೇಕು ಎಂದೇ ಹೇಳುತ್ತೇನೆ. ಒಂದು ಸಾಧಾರಣ ಹೊಸ ಲೆನ್ಸಿನ ಬೆಲೆಗಿಂತ ಕಡಿಮೆಗೆ ಒಳ್ಳೆಯದೇ ಸಿಗುತ್ತದೆ. ಅದನ್ನು ಶೇ. 40ರಿಂದ 50ರ ನಡುವೆ ಇಡಿ. ಒಣಗಿದಷ್ಟೂ ಒಳ್ಳೆಯದೆಂದು ಶೇ. 30ಕ್ಕಿಂತ ಇಳಿಸಿದರೆ ಒಳಗಿನ ಎಣ್ಣೆ, ರಬ್ಬರು ಒಣಗತೊಡಗುತ್ತವೆ. ಬಾಗಿಲಿನ ರಬ್ಬರು ಗಟ್ಟಿಯಿದ್ದರೆ ಕೆಲವು ಗಂಟೆ ಕರೆಂಟು ಹೋದರೂ ತೊಂದರೆಯಿಲ್ಲ. ಕ್ಯಾಬಿನೆಟ್ ಬರುವವರೆಗೆ ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಂದು ಚಿಕ್ಕ ತೇವಾಂಶ ಮಾಪಕ, ಸಿಲಿಕಾ ಜೆಲ್ ಸಾಕು. ಕಿತ್ತಳೆ ಬಣ್ಣದ ಜೆಲ್ಲನ್ನೇ ಕೇಳಿ. ತೇವ ತುಂಬಿದಾಗ ಅದು ಹಸಿರಾಗುತ್ತದೆ. ಸುಮಾರು 120 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ನೀಲಿಯಿಂದ ಗುಲಾಬಿಗೆ ತಿರುಗುವ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷಕಾರಿ ಲವಣವಿರುತ್ತದೆ, ಅದನ್ನು ಅಡುಗೆಮನೆಗೆ ತರಬೇಡಿ. ಅಕ್ಕಿ, ನುಸಿಗುಳಿಗೆ ಎರಡನ್ನೂ ಲೆನ್ಸಿನ ಹತ್ತಿರ ಇಡಬಾರದು. ಅಕ್ಕಿಯ ಹುಡಿ ಒಳಗೆ ಸೇರುತ್ತದೆ, ನುಸಿಗುಳಿಗೆಯ ಆವಿ ಗಾಜಿನ ಮೇಲೆ ಪೊರೆ ಕಟ್ಟುತ್ತದೆ.

ಮಲ್ಪೆ ಬಂದರಿಗೋ ಕಾಪು ದೀಪಸ್ತಂಭಕ್ಕೋ ಹೋಗಿ ಬಂದ ಸಂಜೆ, ಸಿಹಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಕ್ಯಾಮೆರಾದ ಹೊರಮೈ ಒರೆಸಿ, ಒಣಬಟ್ಟೆಯಲ್ಲಿ ಮತ್ತೊಮ್ಮೆ ಒರೆಸಿ, ಗಾಳಿಗಿಟ್ಟು ಆಮೇಲೆ ಕ್ಯಾಬಿನೆಟ್ಟಿಗೆ ಹಾಕಿ. ಉಪ್ಪು ಲೋಹದ ಸಂಪರ್ಕಬಿಂದುಗಳನ್ನು ತಿನ್ನುತ್ತದೆ.

ಇನ್ನು ಮಗಳ ಸಲಹೆ. ಅದನ್ನು ತೂಗಿ ನೋಡಲು ಅಂಗಡಿಯವರ ಮಾತಿಗಿಂತ ನಿಮ್ಮ ಹಳೆಯ ಚಿತ್ರಗಳ ಮಾತು ಮೇಲು. ಡಿ70 ಕಾಲದಿಂದ ಇಲ್ಲಿಯವರೆಗಿನ ಬಹುಪಾಲು ಡಿಜಿಟಲ್ ಚಿತ್ರಗಳೊಳಗೂ ಯಾವ ಲೆನ್ಸು, ಎಷ್ಟು ಮಿ.ಮೀ., ಯಾವ ಅಪರ್ಚರ್, ಯಾವ ಷಟರ್ ವೇಗ, ಎಷ್ಟು ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ) ಎಂಬುದು ದಾಖಲಾಗಿರುತ್ತದೆ. ಲೈಟ್‌ರೂಮ್‌ನಲ್ಲಾಗಲಿ ಉಚಿತವಾಗಿ ಸಿಗುವ ಡಿಜಿಕ್ಯಾಮ್‌ನಲ್ಲಾಗಲಿ ಲೆನ್ಸಿನ ಪ್ರಕಾರ ವಿಂಗಡಿಸಿ ನೋಡಬಹುದು. ನಿಮಗೆ ನಿಜವಾಗಿ ಇಷ್ಟವಾದ, ಗೋಡೆಗೆ ಹಾಕುವಂಥ ಚಿತ್ರಗಳನ್ನು ಮಾತ್ರ ಆರಿಸಿ, ಅವು ಯಾವ ಲೆನ್ಸಿನಲ್ಲಿ ಬಂದಿವೆ ನೋಡಿ. ಆಮೇಲೆ ಕೈತಪ್ಪಿದ ಚಿತ್ರಗಳನ್ನೂ ನೋಡಿ: ಅಲುಗಿದವು, ಫೋಕಸ್ ತಪ್ಪಿದವು, ಕತ್ತಲಾದವು. ಅವು ಕೆಟ್ಟದ್ದು ಏಕೆ ಎಂದು ಬರೆದಿಡಿ. ನೀವು ಮುಂದೆ ಏನು ಕೊಳ್ಳಬೇಕು ಎಂಬುದು ಈ ಎರಡನೆಯ ಪಟ್ಟಿಯಲ್ಲಿದೆ. ಮೊದಲನೆಯ ಪಟ್ಟಿಯಲ್ಲಿ ಒಮ್ಮೆಯೂ ಬಾರದ ಲೆನ್ಸನ್ನು ಇನ್ನೊಬ್ಬರಿಗೆ ಕೊಡಬಹುದು.

ನೀವು ತೆಗೆಯುವ ವಿಷಯಗಳನ್ನೇ ಹಿಡಿದು ಹೇಳುತ್ತೇನೆ. ಕಂಬಳಕ್ಕೆ ಬಲು ದುಬಾರಿ ಕ್ಯಾಮೆರಾ ಬೇಕು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. 2020ರಲ್ಲಿ ಐಕಳ ಕಂಬಳದ ಕರೆಯಲ್ಲಿ (ಓಟದ ಗದ್ದೆಯಲ್ಲಿ) ಕೋಣ ಓಡಿಸುವ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದ್ದು ದೇಶವಿಡೀ ಸುದ್ದಿಯಾಯಿತು. ಲೆಕ್ಕ ಹಾಕಿದರೆ ಸೆಕೆಂಡಿಗೆ ಹತ್ತೂವರೆ ಮೀಟರ್ ಆಸುಪಾಸು. ನಿಮ್ಮ ಷಟರ್ ಸೆಕೆಂಡಿನ 250ರಲ್ಲಿ ಒಂದು ಭಾಗ ತೆರೆದಿದ್ದರೆ ಅಷ್ಟರಲ್ಲಿ ಕೋಣಗಳು ನಾಲ್ಕು ಸೆಂಟಿಮೀಟರ್ ಮುಂದೆ ಹೋಗಿರುತ್ತವೆ. 1000ದಲ್ಲಿ ಒಂದು ಭಾಗವಾದರೆ ಒಂದು ಸೆಂಟಿಮೀಟರ್ ಮಾತ್ರ. ಕಾಲು ಮತ್ತು ಚಿಮ್ಮುವ ಕೆಸರು ಇನ್ನೂ ವೇಗ, ಅದಕ್ಕೆ 2000ದಲ್ಲಿ ಒಂದು ಭಾಗ ಇಟ್ಟುಕೊಳ್ಳಿ. ಹಗಲಿನ ಬೆಳಕಿನಲ್ಲಿ ನಿಮ್ಮ 70-300 ಲೆನ್ಸು, ಡಿ90 ಸಹ, ಇದನ್ನು ಸಲೀಸಾಗಿ ಮಾಡುತ್ತವೆ. ಹಗಲ ಕಂಬಳದ ಚಿತ್ರ ಕೆಟ್ಟಿದ್ದರೆ ಷಟರ್ ವೇಗವನ್ನು ಪರೀಕ್ಷಿಸಿ, ಹೊಸ ಬಾಡಿ (ಲೆನ್ಸು ಬಿಟ್ಟು ಉಳಿದ ಕ್ಯಾಮೆರಾ) ಹುಡುಕಬೇಡಿ.

ಯಕ್ಷಗಾನದ ರಾತ್ರಿ ಬೇರೆಯೇ ಲೋಕ. ಎಫ್ ಅಂಕಿ ಚಿಕ್ಕದಾದಷ್ಟೂ ಅಪರ್ಚರ್ ದೊಡ್ಡದು; ಎಫ್ 2.8ರಲ್ಲಿ ಒಳಬರುವ ಬೆಳಕು ಎಫ್ 5.6ರ ನಾಲ್ಕು ಪಟ್ಟು. ಅದೇ ರಂಗಸ್ಥಳದ ಅದೇ ದೀಪದಲ್ಲಿ 80-200 ನಿಮಗೆ 250ರಲ್ಲಿ ಒಂದು ಭಾಗದ ವೇಗ ಕೊಟ್ಟರೆ, 70-300ರ ಉದ್ದ ತುದಿ (ಅಲ್ಲಿ ಎಫ್ 5.6) 60ರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಆ ವೇಗದಲ್ಲಿ ಧೀಂಗಿಣ (ಗಿರ್ರನೆ ತಿರುಗುವ ಕುಣಿತ) ಹಾಕುವ ಪುಂಡುವೇಷದ (ಚುರುಕಾದ ತರುಣ ಪಾತ್ರದ) ಮುಖ ಕಲಸಿಹೋಗುತ್ತದೆ. ಲೆನ್ಸಿನೊಳಗಿನ ವಿಆರ್ ವ್ಯವಸ್ಥೆ ನಿಮ್ಮ ಕೈಯ ನಡುಕವನ್ನು ತಡೆಯುತ್ತದೆಯೇ ಹೊರತು ವೇಷಧಾರಿಯ ಚಲನೆಯನ್ನಲ್ಲ. ಆದ್ದರಿಂದ ನಿಮ್ಮ ಇಡೀ ಸಂಗ್ರಹದಲ್ಲಿ ಯಕ್ಷಗಾನಕ್ಕೆ ಹೇಳಿ ಮಾಡಿಸಿದ್ದು ಆ ಬೂಷ್ಟು ಹಿಡಿದ 80-200.

ಮಿರರ್‌ಲೆಸ್ ಪ್ರಶ್ನೆಯೂ ಈ ಲೆನ್ಸಿನ ಸುತ್ತವೇ ತಿರುಗುತ್ತದೆ. 1959ರಲ್ಲಿ ನಿಕಾನ್ ತಂದ ಎಫ್ ಮೌಂಟ್ (ಕ್ಯಾಮೆರಾಕ್ಕೆ ಲೆನ್ಸು ಕೂರಿಸುವ ಬಳೆ) ಇಂದಿನವರೆಗೂ ಉಳಿದಿದೆ. ನಿಮ್ಮ ಎಫ್‌ಎಂ2ರ 105 ಇವತ್ತಿಗೂ ಡಿ750ಕ್ಕೆ ಕೂರುತ್ತದೆ, ಬೆಳಕು ಅಳೆಯುವ ಮೀಟರ್ ಕೂಡ ಕೆಲಸ ಮಾಡುತ್ತದೆ. ಡಿ70, ಡಿ90ರಲ್ಲಿ ಕೂರುತ್ತದೆ, ಮೀಟರ್ ನಡೆಯುವುದಿಲ್ಲ. 2018ರಲ್ಲಿ ನಿಕಾನ್ ಝಡ್ ಮೌಂಟ್ ತಂದಿತು. ಹಳೆಯದರಲ್ಲಿ ಲೆನ್ಸಿನ ಬುಡಕ್ಕೂ ಸೆನ್ಸರಿಗೂ 46.5 ಮಿ.ಮೀ. ಅಂತರ, ಹೊಸದರಲ್ಲಿ 16 ಮಿ.ಮೀ. ಮಧ್ಯೆ ಉಳಿಯುವ ಮೂವತ್ತು ಮಿ.ಮೀ.ಗಳಲ್ಲಿ ಅಡಾಪ್ಟರ್ ಕೂರಿಸಬಹುದಾದ್ದರಿಂದ ಹಳೆಯ ಲೆನ್ಸುಗಳೆಲ್ಲ ಹೊಸ ಕ್ಯಾಮೆರಾಕ್ಕೆ ಬರುತ್ತವೆ. ನಿಮ್ಮ ಪೆಂಟಾಕ್ಸಿನ ಲೆನ್ಸೂ ಬರುತ್ತದೆ. ಆದರೆ ನಿಕಾನಿನ ಎಫ್‌ಟಿಝಡ್ ಅಡಾಪ್ಟರಿನಲ್ಲಿ ಫೋಕಸ್ ತಿರುಗಿಸುವ ಮೋಟಾರಿಲ್ಲ. ಒಳಗೇ ಮೋಟಾರಿರುವ ಎಎಫ್-ಎಸ್ ಲೆನ್ಸುಗಳಾದ 24-120, 70-300 ಅದರಲ್ಲಿ ತಾವೇ ಫೋಕಸ್ ಮಾಡುತ್ತವೆ. ಬಾಡಿಯ ಮೋಟಾರನ್ನು ನೆಚ್ಚಿಕೊಂಡ ಎಎಫ್-ಡಿ ಲೆನ್ಸುಗಳಾದ 80-200, 60 ಮಿ.ಮೀ. ಮಾಡುವುದಿಲ್ಲ, ಕೈಯಿಂದಲೇ ತಿರುಗಿಸಬೇಕು. ಅಂದರೆ ಎಲ್ಲವನ್ನೂ ಮಾರಿ ಮಿರರ್‌ಲೆಸ್ ಕೊಂಡ ದಿನ ನಿಮ್ಮ ಯಕ್ಷಗಾನದ ಶಕ್ತಿ ಕುಂದುತ್ತದೆ. ಅದನ್ನು ಮರಳಿ ಪಡೆಯಲು ಹೊಸ 70-200 ಎಫ್ 2.8 ಬೇಕು, ಅದರ ಬೆಲೆ ಕ್ಯಾಮೆರಾ ಬಾಡಿಯನ್ನೇ ಮೀರಿಸಬಲ್ಲದು. ಮಗಳಿಗೆ ಈ ಲೆಕ್ಕವನ್ನು ಮುಂದಿಟ್ಟು ವಿವರಿಸಿ.

ಹಾಗೆಂದು ಮಿರರ್‌ಲೆಸ್ ಬೇಡವೆಂದು ನಾನು ಹೇಳುವುದಿಲ್ಲ. ನಿಕಾನ್ 2020ರ ಬಳಿಕ ಹೊಸ ಡಿಎಸ್‌ಎಲ್‌ಆರ್ (ನಿಮ್ಮ ಡಿ750ರಂತೆ ಒಳಗೆ ಕನ್ನಡಿಯಿರುವ ಕ್ಯಾಮೆರಾ) ತಂದಿಲ್ಲ, ದಾರಿ ಆ ಕಡೆಗೇ ಇದೆ. ನಿಮ್ಮ ವಯಸ್ಸಿಗೆ ಎರಡು ಕಾರಣಗಳು ಗಟ್ಟಿ. ಒಂದು ಭಾರ: ಡಿ750 ಸುಮಾರು 840 ಗ್ರಾಂ, 80-200 ಸುಮಾರು 1.3 ಕಿಲೊ, ಸೇರಿಸಿದರೆ ಎರಡು ಕಿಲೊ ಮೀರುತ್ತದೆ. ಇಡೀ ರಾತ್ರಿಯ ಬಯಲಾಟದಲ್ಲಿ ಅದನ್ನು ಎತ್ತಿಹಿಡಿಯುವ ಭುಜಕ್ಕೆ ಅದರ ಕಷ್ಟ ಗೊತ್ತು. ಇನ್ನೊಂದು ಕಣ್ಣು: ಮಿರರ್‌ಲೆಸ್‌ನ ವ್ಯೂಫೈಂಡರಿನಲ್ಲಿ ಕತ್ತಲೆಯ ದೃಶ್ಯವೂ ಬೆಳಗಿ ಕಾಣುತ್ತದೆ, ಕೈಯಿಂದ ಫೋಕಸ್ ಮಾಡುವಾಗ ಬೇಕಾದಷ್ಟು ದೊಡ್ಡದು ಮಾಡಿ ನೋಡಬಹುದು. ನಿಮ್ಮ 105 ಅಲ್ಲಿ ಹೊಸ ಜೀವ ಪಡೆಯುತ್ತದೆ.

ಸದ್ದಿಲ್ಲದ ಷಟರ್ ಬಗ್ಗೆ ಬಹಳ ಜನ ಹೊಗಳುತ್ತಾರೆ. ಭಾಗವತರ ಪದ ನಡೆಯುವಾಗ ಪಕ್ಕದಲ್ಲಿ ಟಕಟಕ ಸದ್ದಾಗದಿರುವುದು ದೊಡ್ಡ ಸೌಜನ್ಯ, ನಿಜ. ಆದರೆ ಸೆನ್ಸರು ಸಾಲುಸಾಲಾಗಿ ಚಿತ್ರವನ್ನು ಓದಿಕೊಳ್ಳುವುದರಿಂದ ಎಲ್‌ಇಡಿ ದೀಪಗಳ ಕೆಳಗೆ ಅಡ್ಡಪಟ್ಟಿಗಳು ಬೀಳುತ್ತವೆ. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಹಲವು ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. 100ರಲ್ಲಿ ಒಂದು ಭಾಗದ ವೇಗಕ್ಕೆ ಇಳಿದರೆ ಅಂಥ ಪಟ್ಟಿ ಹೋಗುತ್ತದೆ, ಕುಣಿತಕ್ಕೆ ಆ ವೇಗ ಸಾಲುವುದಿಲ್ಲ. ಹಾಗಾಗಿ ಈಗಿನ ರಂಗಸ್ಥಳಗಳಲ್ಲಿ ಸದ್ದಿನ ಷಟರೇ ಕ್ಷೇಮ. (ಕೋಲ, ನೇಮದಂಥ ದೈವಾರಾಧನೆಯ ವಿಷಯ ಬೇರೆ. ಸದ್ದಿಲ್ಲದ ಷಟರ್ ಇದೆಯೆಂದು ಅನುಮತಿ ಕೇಳದೆ ತೆಗೆಯುವಂತಿಲ್ಲ. ಮನೆಯವರನ್ನೋ ದೈವಸ್ಥಾನದವರನ್ನೋ ಕೇಳಿ, ಬೇಡವೆಂದರೆ ಕ್ಯಾಮೆರಾ ಬ್ಯಾಗಿನಲ್ಲೇ ಇರಲಿ.)

ಹೀಗಾಗಿ ನನ್ನ ಸಲಹೆ: ಡಿ750 ಮತ್ತು 80-200 ಜೋಡಿಯನ್ನು ಮುರಿಯಬೇಡಿ. ಬೂಷ್ಟು ತೆಗೆಸಿ ಇನ್ನೂ ಕೆಲವು ತಿರುಗಾಟ ಅದರಲ್ಲೇ ದುಡಿಯಿರಿ. ಆ ಬಾಡಿಯ ಷಟರನ್ನು ಒಂದೂವರೆ ಲಕ್ಷ ಚಿತ್ರಗಳಿಗೆ ಪರೀಕ್ಷಿಸಲಾಗಿದೆ, ಹವ್ಯಾಸಿಯ ಕೈಯಲ್ಲಿ ಅದು ಬೇಗ ಮುಗಿಯುವಂಥದ್ದಲ್ಲ. ಭುಜ ಒಪ್ಪದಿದ್ದರೆ ಮಾತ್ರ ಸೆಕೆಂಡ್‌ಹ್ಯಾಂಡ್ ನಿಕಾನ್ ಮಿರರ್‌ಲೆಸ್ ಝಡ್6-2 ಮತ್ತು ಅಡಾಪ್ಟರ್ ನೋಡಿ. ಅದಕ್ಕೂ ಮೊದಲು ಅವೇ ಎರಡನ್ನು ಬಾಡಿಗೆಗೆ ತಂದು ಒಂದು ರಾತ್ರಿಯ ಆಟಕ್ಕೆ ಒಯ್ಯಿರಿ. ಮುಂದಿನ ಪರ್ಯಾಯದ ಜನವರಿ 18ರ ನಸುಕಿಗೆ ಹೊಸ ಕ್ಯಾಮೆರಾ ಬೇಕೆಂದಿದ್ದರೆ ಕೆಲವು ತಿಂಗಳು ಮೊದಲೇ ಕೊಂಡು ಕೈ ಪಳಗಿಸಿಕೊಳ್ಳಿ. ಜೋಡುಕಟ್ಟೆಯಿಂದ ಮೆರವಣಿಗೆ ಹೊರಟ ಮೇಲೆ ಮೆನು ಹುಡುಕುತ್ತಾ ನಿಂತರೆ ಇನ್ನೊಂದು ಅವಕಾಶಕ್ಕೆ ಎರಡು ವರ್ಷ ಕಾಯಬೇಕು.

ಡಿ90 ಮತ್ತು 18-70 ಕೊಟ್ಟುಬಿಡಿ. ಮಾರಿದರೆ ಬರುವ ಹಣ ಅಲ್ಪ. ಕಲಿಯಬಯಸುವ ಹುಡುಗನಿಗೋ ಹುಡುಗಿಗೋ ಕೊಟ್ಟರೆ ಆ 12 ಮೆಗಾಪಿಕ್ಸೆಲ್ಲಿನಲ್ಲಿ ಹದಿನಾಲ್ಕು ಇಂಚು ಅಗಲದ ಒಳ್ಳೆಯ ಪ್ರಿಂಟ್ ಬರುತ್ತದೆ. ಆ 18-70 ಡಿ750ರ ಸೆನ್ಸರನ್ನು ಪೂರ್ತಿ ತುಂಬುವುದಿಲ್ಲ, ಹಾಕಿದರೆ 24 ಮೆಗಾಪಿಕ್ಸೆಲ್ಲಿನಲ್ಲಿ ಹತ್ತು ಮಾತ್ರ ಬಳಕೆಯಾಗುತ್ತದೆ. ಡಿ70ಕ್ಕೆ ಕೊಳ್ಳುವವರು ಸಿಗುವುದು ಕಷ್ಟ, ಬ್ಯಾಟರಿ ತೆಗೆದಿಟ್ಟು ನೆನಪಿಗೆ ಇಟ್ಟುಕೊಳ್ಳಿ.

ಫಿಲ್ಮ್ ಕ್ಯಾಮೆರಾಗಳನ್ನು ಮಾರಬೇಡಿ ಎನ್ನುವಾಗ ನಾನು ನಿಮ್ಮ ಸ್ನೇಹಿತರ ಪಕ್ಷ, ಆದರೆ ಒಂದು ಷರತ್ತಿನ ಮೇಲೆ: ಅವನ್ನು ನಡೆಸಬೇಕು. ಕೆ1000 ಮತ್ತು ಎಫ್‌ಎಂ2 ಎರಡರ ಷಟರೂ ಪೂರ್ತಿ ಯಾಂತ್ರಿಕ, ಬ್ಯಾಟರಿ ಬೇಕಾದದ್ದು ಮೀಟರಿಗೆ ಮಾತ್ರ. ತಿಂಗಳಿಗೊಮ್ಮೆ ಎಲ್ಲ ವೇಗಗಳಲ್ಲೂ ಷಟರ್ ಒತ್ತಿ. ನಿಂತಲ್ಲೇ ನಿಂತರೆ ಗ್ರೀಸು ಗಟ್ಟಿಯಾಗಿ ನಿಧಾನದ ವೇಗಗಳು ತಪ್ಪತೊಡಗುತ್ತವೆ. ಕೆ1000ದ ಮೀಟರಿಗೆ ಬಂದ್ ಮಾಡುವ ಗುಂಡಿಯಿಲ್ಲ, ಲೆನ್ಸಿಗೆ ಮುಚ್ಚಳ ಹಾಕಿಟ್ಟರೆ ಬ್ಯಾಟರಿ ಬಾಳುತ್ತದೆ. ಬಹುಕಾಲ ಬಳಸುವುದಿಲ್ಲವೆಂದಾದರೆ ಬ್ಯಾಟರಿಯನ್ನೇ ತೆಗೆಯಿರಿ. ಹಿಂಬಾಗಿಲಿನ ಅಂಚಿನ ಕಪ್ಪು ಸ್ಪಂಜು ಇಷ್ಟು ವರ್ಷಕ್ಕೆ ಅಂಟಂಟಾಗಿರುತ್ತದೆ. ಅದನ್ನು ಬದಲಿಸದಿದ್ದರೆ ಬೆಳಕು ನುಗ್ಗಿ ರೀಲು ಹಾಳಾಗುತ್ತದೆ. ಭಾರತದಲ್ಲೇ ತಯಾರಾಗುತ್ತಿದ್ದ ಕ್ಲಿಕ್-3ಕ್ಕೆ ಬೇಕಾದ 120 ರೀಲು ಈಗಲೂ ಸಿಗುತ್ತದೆ, ಒಂದರಲ್ಲಿ 12 ಚೌಕ ಚಿತ್ರಗಳು. ಕಪ್ಪು-ಬಿಳುಪನ್ನು ಮನೆಯಲ್ಲೇ ತೊಳೆಯುವುದಾದರೆ ದ್ರಾವಣಗಳ ಮೇಲಿನ ಸಮಯದ ಪಟ್ಟಿ ಸಾಮಾನ್ಯವಾಗಿ 20 ಡಿಗ್ರಿಗೆ ಕೊಟ್ಟದ್ದು. ನಮ್ಮ ನಲ್ಲಿನೀರು ಅದಕ್ಕಿಂತ ಎಷ್ಟೋ ಬಿಸಿ. ಡಬ್ಬಿಯನ್ನು ಮಂಜುಗಡ್ಡೆಯ ನೀರಿನಲ್ಲಿ ನಿಲ್ಲಿಸಿ ತಣಿಸಿಕೊಳ್ಳಿ.

ನೀವು ಕೇಳದ ಒಂದು ಸಂಗತಿ ಬಾಕಿಯಿದೆ, ಇಡೀ ಪತ್ರದಲ್ಲಿ ಅದೇ ನನಗೆ ಮುಖ್ಯವಾಗಿ ಕಾಣಿಸಿತು. 1984ರಿಂದ 2005ರವರೆಗೆ ನೀವು ತೆಗೆದ ನೆಗೆಟಿವ್‌ಗಳು ಎಲ್ಲಿವೆ? ಕ್ಯಾಮೆರಾಗಳ ಪಟ್ಟಿ ಕೊಟ್ಟಿದ್ದೀರಿ, ಅವುಗಳ ಸುದ್ದಿಯಿಲ್ಲ. ಎಂಬತ್ತರ ದಶಕದ ರಥಬೀದಿ, ಆಗಿನ ವೇಷಗಳು, ನಿಮ್ಮ ಮನೆಯ ಹಿರಿಯರು ಆ ನೆಗೆಟಿವ್‌ಗಳಲ್ಲೇ ಇದ್ದಾರೆ. ಎಫ್‌ಎಂ2 ಬೇಕೆಂದರೆ ಇನ್ನೊಂದು ಸಿಗುತ್ತದೆ, ಇವು ಸಿಗುವುದಿಲ್ಲ. ಫಿಲ್ಮಿನ ಮೇಲಿನ ಜೆಲಾಟಿನ್ ಪದರ ಫಂಗಸ್ಸಿಗೆ ಗಾಜಿಗಿಂತಲೂ ಇಷ್ಟದ ಊಟ. ಡಬ್ಬಿ ತೆರೆದಾಗ ವಿನೆಗರಿನಂಥ ಹುಳಿ ವಾಸನೆ ಬಂದರೆ ಫಿಲ್ಮಿನ ಅಸಿಟೇಟ್ ತಳವೇ ಕೆಡತೊಡಗಿದೆ ಎಂದರ್ಥ, ಅಂಥವನ್ನು ಮೊದಲು ನಕಲು ಮಾಡಿಕೊಳ್ಳಬೇಕು. ಪಿವಿಸಿ ಹಾಳೆಗಳಿಂದ ತೆಗೆದು ಪಾಲಿಪ್ರೊಪಿಲಿನ್ ಹಾಳೆಗಳಿಗೆ ಹಾಕಿ, ಡ್ರೈ ಕ್ಯಾಬಿನೆಟ್ಟಿನ ಒಂದು ತಟ್ಟೆಯನ್ನು ಇವಕ್ಕೇ ಮೀಸಲಿಡಿ.

ನಕಲಿಗೆ ಸ್ಕ್ಯಾನರ್ ಕೊಳ್ಳಬೇಕಿಲ್ಲ. ನಿಮ್ಮ 60 ಮಿ.ಮೀ. ಮೈಕ್ರೊ ವಸ್ತುವನ್ನು ಅದರ ನಿಜವಾದ ಅಳತೆಯಲ್ಲೇ ಸೆನ್ಸರಿನ ಮೇಲೆ ಮೂಡಿಸುತ್ತದೆ. ನೆಗೆಟಿವಿನ ಅಳತೆ 24×36 ಮಿ.ಮೀ.; ಡಿ750ರ ಸೆನ್ಸರೂ ಹೆಚ್ಚುಕಡಿಮೆ ಅಷ್ಟೇ. ಸಮನಾದ ಬಿಳಿ ಬೆಳಕು ಕೊಡುವ ಎಲ್‌ಇಡಿ ಹಲಗೆಯ ಮೇಲೆ ನೆಗೆಟಿವನ್ನು ಚಪ್ಪಟೆಯಾಗಿ ಹಿಡಿಸಿ, ಮೇಲಿನಿಂದ ಸ್ಟ್ಯಾಂಡಿನಲ್ಲಿ ಕ್ಯಾಮೆರಾ ನಿಲ್ಲಿಸಿ. ಎಫ್ 8, ಐಎಸ್‌ಒ 100, ರಾ ಫೈಲು (ಕ್ಯಾಮೆರಾ ಸಂಸ್ಕರಿಸದ ಮೂಲ ಚಿತ್ರ), ಕೈ ತಾಗದಂತೆ ಸೆಲ್ಫ್ ಟೈಮರ್. ಕೋಣೆಯ ಬೇರೆ ದೀಪಗಳನ್ನು ಆರಿಸಿ. ಈ ಮಳೆಗಾಲದ ಉಳಿದ ದಿನಗಳು ಇದಕ್ಕೇ ಸರಿ. ಹಳೆಯ ಕಟ್ಟಿನಿಂದಲೇ ಶುರು ಮಾಡಿ, ಮುಖಗಳನ್ನು ಗುರುತಿಸಬಲ್ಲ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಪ್ರತಿ ಫೈಲಿನ ಹೆಸರಿನಲ್ಲಿ ಇಸವಿ, ಸ್ಥಳ, ಗೊತ್ತಾದಷ್ಟು ಹೆಸರು ಇರಲಿ. ಎರಡು ಹಾರ್ಡ್ ಡಿಸ್ಕುಗಳಿಗೆ ಹಾಕಿ, ಒಂದನ್ನು ಬೇರೆ ಊರಿನಲ್ಲಿಡಿ.